ಸವೆಯುತ್ತದೆ ಅಂದರು, ಆರೂವರೆ ವರ್ಷವಾಯಿತು: ಸ್ಯಾಮ್‌ಸಂಗ್ 860 ಇವೋ ಬಳಸಿದ ಅನುಭವ

2018ರ ನವೆಂಬರಿನಲ್ಲಿ 500 ಜಿಬಿಯ ಈ ಎಸ್‌ಎಸ್‌ಡಿ ತಗೊಂಡೆ, ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗವಿಲ್ಲದ ಚಿಪ್ಪಿನ ಡ್ರೈವು. ಏಳು ಸಾವಿರದ ಆಸುಪಾಸು ಕೊಟ್ಟ ನೆನಪು. ಸಾಗರದಲ್ಲಿ ನಮ್ಮದೊಂದು ಪುಟ್ಟ ಡಿಟಿಪಿ ಅಂಗಡಿ. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸು, ಸೀಸನ್ನಿನಲ್ಲಿ ಆಲ್ಬಂ ಕೆಲಸ. ಬೆಳಿಗ್ಗೆ ಒಂಬತ್ತೂವರೆಗೆ ಎದ್ದ ಕಂಪ್ಯೂಟರ್ ಮಲಗುವುದು ರಾತ್ರಿ ಎಂಟಕ್ಕೆ. ಡಬ್ಬಿ ಒಡೆದ ದಿನವೇ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಇದು ಹಳೆಯದಾದ ಮೇಲಿನ ಕಥೆ.

ವೇಗದ ಬಗ್ಗೆ ಜಾಸ್ತಿ ಹೇಳಲ್ಲ. ಮೊದಲು ವಿಂಡೋಸ್ ಏಳುವಷ್ಟರಲ್ಲಿ ಕಸ ಗುಡಿಸಿ, ದೇವರ ಫೋಟೋಗೆ ಹೂವಿಟ್ಟು, ಊದುಬತ್ತಿ ಹಚ್ಚಿ ಆಗುತ್ತಿತ್ತು. ಈಗ ಕಡ್ಡಿ ಗೀರುವ ಮೊದಲೇ ಎದ್ದು ಕೂತಿರುತ್ತದೆ.

ಹಾಕಿಕೊಟ್ಟ ರಿಪೇರಿ ಹುಡುಗ ಹೋಗುವಾಗ ಒಂದು ಹೆದರಿಕೆ ಹುಟ್ಟಿಸಿ ಹೋಗಿದ್ದ. "ಅಣ್ಣಾ, ಇದು ಬರೆದಷ್ಟೂ ಸವೀತದೆ. ಫೋಟೋಶಾಪಿನ ಸ್ಕ್ರ್ಯಾಚ್ ಡಿಸ್ಕ್ ಇದಕ್ಕೆ ಕೊಡ್ಬೇಡಿ." ಒಂದು ತಿಂಗಳು ಹಾಗೇ ಮಾಡಿದೆ. ಕೆಲಸದ ನಡುವೆ ಫೋಟೋಶಾಪ್ ತಾತ್ಕಾಲಿಕವಾಗಿ ಬರೆದಿಡುವ ಈ ಸ್ಕ್ರ್ಯಾಚೆಲ್ಲ ಹಳೇ ಹಾರ್ಡ್ ಡಿಸ್ಕಿಗೆ. ಹೊಸ ಚಪ್ಪಲಿ ಸವೆದೀತು ಅಂತ ಕೈಯಲ್ಲಿ ಹಿಡಿದು ನಡೆದ ಹಾಗಾಯಿತು. ಬೇಜಾರಾಗಿ ಎಲ್ಲವನ್ನೂ ಇದಕ್ಕೇ ಹಾಕಿದೆ.

ಅವನು ಹೇಳಿದ್ದು ಸುಳ್ಳೇನಲ್ಲ. ಎಸ್‌ಎಸ್‌ಡಿಯ ಒಳಗಿರುವುದು ಫ್ಲ್ಯಾಶ್ ಚಿಪ್ಪು. ಫ್ಲ್ಯಾಶ್ ಅಂದರೆ ಸಣ್ಣ ಸಣ್ಣ ಕೋಶಗಳಲ್ಲಿ ವಿದ್ಯುತ್ತಿನ ಕಣಗಳನ್ನು ಕೂಡಿಹಾಕುವುದು. ಅಳಿಸಿ ಬರೆಯುವಾಗಲೆಲ್ಲ ಜಾಸ್ತಿ ವೋಲ್ಟೇಜ್ ಕೊಟ್ಟು ಅವನ್ನು ಒಂದು ತೆಳು ಪೊರೆಯ ಮೂಲಕ ದಾಟಿಸಬೇಕು. ಆ ಪೊರೆ ನಿಧಾನಕ್ಕೆ ಹಾಳಾಗುತ್ತದೆ. ಇದರಲ್ಲಿ ಒಂದೊಂದು ಕೋಶಕ್ಕೆ ಮೂರು ಬಿಟ್. ಅಂದರೆ ಎಂಟು ಮಟ್ಟಗಳನ್ನು ಬೇರೆ ಬೇರೆ ಗುರುತು ಹಿಡಿಯಬೇಕು. ಸವೆದ ಕೋಶದಲ್ಲಿ ಅದು ಕಷ್ಟ. ಒಂದೇ ಜಾಗ ಸವೆಯದಿರಲಿ ಅಂತ ಒಳಗಿನ ಕಂಟ್ರೋಲರ್ ಚಿಪ್ಪು ಬರಹವನ್ನು ಎಲ್ಲ ಕಡೆಗೂ ಹಂಚುತ್ತದೆ, ದೇವಸ್ಥಾನದ ಪೂಜೆಗೆ ಮನೆ ಮನೆಗೆ ಸರದಿ ಹಾಕಿದ ಹಾಗೆ.

ಈಗ ಲೆಕ್ಕಕ್ಕೆ ಬರೋಣ. ಕಂಪನಿ ಇದಕ್ಕೆ ಕೊಟ್ಟ ಭರವಸೆ ಐದು ವರ್ಷ ಅಥವಾ 300 ಟಿಬಿ (ಒಂದು ಟಿಬಿ ಅಂದರೆ ಸಾವಿರ ಜಿಬಿ) ಬರಹ, ಯಾವುದು ಮೊದಲೋ ಅದು. ವಾರಂಟಿ 2023ಕ್ಕೇ ಮುಗಿಯಿತು. ಹೋದ ವಾರ ಸ್ಯಾಮ್‌ಸಂಗಿನದೇ ಮೆಜಿಶಿಯನ್ ತಂತ್ರಾಂಶದಲ್ಲಿ ಸ್ಮಾರ್ಟ್ ಪಟ್ಟಿ, ಅಂದರೆ ಡ್ರೈವು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ, ತೆಗೆದು ನೋಡಿದೆ. ಓಡಿದ್ದು 18,900 ಗಂಟೆ. ಬರೆದದ್ದು 43 ಟಿಬಿ. ಕೆಟ್ಟ ಸೆಕ್ಟರ್ ಸೊನ್ನೆ. ಸ್ಕ್ರ್ಯಾಚೆಲ್ಲ ಸೇರಿ ದಿನಕ್ಕೆ ಇಪ್ಪತ್ತು ಜಿಬಿ ಮೇಲೆ ಬರೆದರೂ ಇಷ್ಟೇ. ಇದೇ ಲೆಕ್ಕದಲ್ಲಿ ಹೋದರೆ 300 ತಲುಪಲು ಇನ್ನೂ 39 ವರ್ಷ ಬೇಕು. ಅಷ್ಟರಲ್ಲಿ ಅಂಗಡಿ ಇರುತ್ತೋ ಇಲ್ವೋ!

ಒಂದು ವಿಷಯ ಮಾತ್ರ ತಲೆ ತಿಂದಿತ್ತು. 43 ಟಿಬಿ ಅಂದರೆ 500 ಜಿಬಿಯ ಡ್ರೈವನ್ನು 86 ಸಲ ತುಂಬಿದ ಹಾಗೆ. ಆದರೆ ಕೋಶಗಳನ್ನು ಸರಾಸರಿ ಎಷ್ಟು ಸುತ್ತು ಅಳಿಸಿ ಬರೆಯಿತು ಅಂತ ಎಣಿಸುವ, ಆ ಪಟ್ಟಿಯ 177ನೇ ಸಾಲಿನಲ್ಲಿ 118 ಅಂತಿದೆ. ಉಳಿದ 32 ಸುತ್ತು ಎಲ್ಲಿಂದ ಬಂತು? ಉತ್ತರ ಫ್ಲ್ಯಾಶ್ ಅನ್ನೋ ಹೆಸರಲ್ಲೇ ಇದೆ. 1980ರ ದಶಕದಲ್ಲಿ ತೋಷಿಬಾದ ಫುಜಿಯೊ ಮಸುವೊಕಾ ಇದನ್ನು ಕಂಡುಹಿಡಿದಾಗ, ಒಂದೇ ಏಟಿಗೆ ದೊಡ್ಡ ತುಂಡು ಅಳಿಸಿಹೋಗುವುದು ಕ್ಯಾಮೆರಾ ಫ್ಲ್ಯಾಶ್ ಹೊಡೆದ ಹಾಗಿದೆ ಅಂತ ಅವರ ಸಹೋದ್ಯೋಗಿಯೊಬ್ಬರು ಈ ಹೆಸರು ಸೂಚಿಸಿದ್ದರು. ಬಿಡಿ ಬಿಡಿಯಾಗಿ ಅಳಿಸಲು ಬರುವುದಿಲ್ಲ. ಒಂದು ಬ್ಲಾಕು ಖಾಲಿ ಮಾಡಬೇಕಾದರೆ ಅದರಲ್ಲಿ ಇನ್ನೂ ಬೇಕಾದದ್ದನ್ನು ಮೊದಲು ಬೇರೆ ಕಡೆ ಬರೆದಿಡಬೇಕು. ನಾವು ಬರೆದದ್ದಕ್ಕಿಂತ ಅದು ಬರೆಯುವುದು ಯಾವಾಗಲೂ ಸ್ವಲ್ಪ ಜಾಸ್ತಿ. ಡ್ರೈವು ಕಂಠಮಟ್ಟ ತುಂಬಿದ್ದರಂತೂ ಈ ಎತ್ತಿಡುವ ಕೆಲಸ ಇನ್ನೂ ಹೆಚ್ಚು. ಅದಕ್ಕೇ ನಾನು 80 ಜಿಬಿ ಖಾಲಿ ಬಿಡುತ್ತೇನೆ.

ಸವೆತದ ಭಯ ಪೂರ್ತಿ ಹೋಗಿದ್ದು ಟೆಕ್ ರಿಪೋರ್ಟ್ ತಾಣದವರ ಪ್ರಯೋಗ ಓದಿದ ಮೇಲೆ. 2013ರಲ್ಲಿ ಅವರು ಆರು ಎಸ್‌ಎಸ್‌ಡಿಗಳಿಗೆ ಬಿಡುವೇ ಕೊಡದೆ ಬರೆಯುತ್ತ ಹೋದರು. ನನ್ನದರ ಅರ್ಧದಷ್ಟು ಗಾತ್ರದವು. ಅವುಗಳಲ್ಲಿ ಎರಡು 2 ಪೆಟಾಬೈಟ್, ಅಂದರೆ 2,000 ಟಿಬಿ ದಾಟಿದವು.

ಹಾಗಾದರೆ ನಿಶ್ಚಿಂತೆಯಾ? ಇಲ್ಲ. ನನ್ನ ಚಿಂತೆಗಳೇ ಬೇರೆ.

ಮೊದಲನೆಯದು ಕರೆಂಟು. ಲಿಂಗನಮಕ್ಕಿಯ ಮಗ್ಗುಲಲ್ಲೇ ಇದ್ದರೂ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದರೆ ನಮಗೂ ಕತ್ತಲೆಯೇ. ಒಂದು ವರ್ಷ ಯುಪಿಎಸ್ ಬ್ಯಾಟರಿ ಸತ್ತಿತ್ತು, ನಾಳೆ ತಂದರಾಯಿತು ಅಂತ ಮುಂದೂಡುತ್ತಲೇ ಇದ್ದೆ. ಹೇಳದೆ ಕೇಳದೆ ಕರೆಂಟು ಹೋದದ್ದನ್ನು ಎಣಿಸುವ 235ನೇ ಸಾಲಿನಲ್ಲಿ 212 ಅಂತಿದೆ. ಪುಣ್ಯಕ್ಕೆ ಡ್ರೈವಿಗೇನೂ ಆಗಲಿಲ್ಲ. ದೊಡ್ಡ ಸರ್ವರುಗಳ ಎಸ್‌ಎಸ್‌ಡಿಯಲ್ಲಿ ಕರೆಂಟು ಹೋದರೂ ಕೈಲಿದ್ದ ಬರಹ ಮುಗಿಸಲು ಕೆಪಾಸಿಟರುಗಳಿರುತ್ತವೆ. ನಮ್ಮಂಥವರು ಕೊಳ್ಳುವುದರಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಈಗ ಬ್ಯಾಟರಿ ಹಾಕಿಸಿದ್ದೇನೆ.

ಎರಡನೆಯದು, ಸುಳಿವೇ ಕೊಡದೆ ಸಾಯುವುದು. ಹಾರ್ಡ್ ಡಿಸ್ಕು ಸಾಯುವ ಮೊದಲು ಕಟಕಟ ಅಂತ ನರಳುತ್ತಿತ್ತು, ಕಾಪಿ ಮಾಡಿಕೊಳ್ಳಲು ಒಂದೆರಡು ದಿನವಾದರೂ ಸಿಗುತ್ತಿತ್ತು. ಪಕ್ಕದ ಅಂಗಡಿಯವರ ಎಸ್‌ಎಸ್‌ಡಿ (ಬೇರೆ ಕಂಪನಿಯದು) ಸಂಜೆ ಚೆನ್ನಾಗಿತ್ತು, ಬೆಳಿಗ್ಗೆ ಬಯೋಸಿಗೇ (ವಿಂಡೋಸಿಗೂ ಮೊದಲು ಏಳುವ ತಂತ್ರಾಂಶ) ಕಾಣಲಿಲ್ಲ. ಸವೆದದ್ದಲ್ಲ, ಒಂದು ವರ್ಷವೂ ಆಗಿರಲಿಲ್ಲ. 300 ಟಿಬಿ ಅನ್ನೋ ಅಂಕಿ ಕೋಶಗಳದ್ದು. ಕಂಟ್ರೋಲರ್ ಕೈಕೊಟ್ಟರೆ ಅದು ಯಾವ ಲೆಕ್ಕಕ್ಕೂ ಇಲ್ಲ.

ಮೂರನೆಯದು ನನ್ನ ತಪ್ಪು. ಒಮ್ಮೆ ಒಂದು ಉಪನಯನದ ಕಾಗದದ ಫೋಲ್ಡರ್ ಅಳಿಸಿ, ರಿಸೈಕಲ್ ಬಿನ್ನೂ ಖಾಲಿ ಮಾಡಿಬಿಟ್ಟೆ. ಹಳೇ ಅಭ್ಯಾಸದಂತೆ ರಿಕವರಿ ಹಾಕಿದೆ. ಫೈಲಿನ ಹೆಸರು ಬಂತು, ಒಳಗೆಲ್ಲ ಬರೀ ಸೊನ್ನೆ. ಫೈಲು ಅಳಿಸಿದ ಕೂಡಲೇ ವಿಂಡೋಸ್ ಟ್ರಿಮ್ ಅನ್ನೋ ಆದೇಶದಿಂದ "ಈ ಜಾಗ ಬೇಡ" ಅಂತ ಡ್ರೈವಿಗೆ ಹೇಳಿಬಿಡುತ್ತದೆ. ವೇಗಕ್ಕೂ ಬಾಳಿಕೆಗೂ ಅದು ಒಳ್ಳೆಯದೇ. ಆ ರಾತ್ರಿ ಮಾತ್ರ ಒಂದೂವರೆವರೆಗೆ ಕೂತು ಕಾಗದವನ್ನು ಮತ್ತೆ ಮಾಡಿದೆ.

ಇನ್ನೊಂದು ಕಥೆ ಪೆನ್‌ಡ್ರೈವಿನದು. ಅದೂ ಫ್ಲ್ಯಾಶೇ ಅಲ್ವಾ? ಹಳ್ಳಿಯ ಒಬ್ಬ ಅಮ್ಮ ಮಗಳ ಮದುವೆ ಫೋಟೋಗಳ ಪೆನ್‌ಡ್ರೈವ್ ತಂದರು. ನಾಲ್ಕು ವರ್ಷದ ಹಿಂದೆ ನಾನೇ ಹಾಕಿಕೊಟ್ಟದ್ದು. ಅರ್ಧಕ್ಕರ್ಧ ಫೋಟೋ ಕೆಳಗಿನ ಭಾಗವೆಲ್ಲ ಬೂದು. "ತಮಾ, ಒಂದ್ಸಲವೂ ಹೊರಗೆ ತೆಗೆದಿಲ್ಲ, ಸೀರೆ ಮಡಿಕೇಲಿ ಜೋಪಾನವಾಗಿ ಇಟ್ಟಿದ್ದೆ" ಅಂದರು. ಏನು ಹೇಳಲಿ? ನಾನಾದರೂ ಅದನ್ನು ಕೊಡುವಾಗ ಒಂದು ಮಾತು ಹೇಳಬೇಕಿತ್ತು. ಕೂಡಿಹಾಕಿದ ವಿದ್ಯುತ್ತು ನಿಧಾನಕ್ಕೆ ಸೋರುತ್ತದೆ. ಸೆಕೆ ಜಾಸ್ತಿಯಾದಷ್ಟೂ ಬೇಗ ಸೋರುತ್ತದೆ. ಅಗ್ಗದ ಪೆನ್‌ಡ್ರೈವಿನಲ್ಲಿ ಕೋಶಗಳೂ ಮೂರನೇ ದರ್ಜೆಯವು. ಎಸ್‌ಎಸ್‌ಡಿಗೂ ಚಿಪ್ಪುಗಳಿಗೆ ನಿಯಮ ಮಾಡುವ ಜೆಡೆಕ್ ಸಂಸ್ಥೆಯ ಮಾನದಂಡ ಕೇಳುವುದು ಇಷ್ಟೇ: ಬರಹದ ಆಯುಷ್ಯ ಪೂರ್ತಿ ಮುಗಿದ ಮನೆಬಳಕೆಯ ಡ್ರೈವು ಕರೆಂಟಿಲ್ಲದೆ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು. ಹೊಸದರಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಉಳಿಯುತ್ತದೆ, ನಿಜ. ಆದರೂ ಕಪಾಟಿನಲ್ಲಿಟ್ಟು ಮರೆಯುವ ವಸ್ತು ಇದಲ್ಲ. ಈಗ ಆಲ್ಬಂಗಳ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಅಂಗಡಿಯಲ್ಲೇ ಇರುತ್ತದೆ, ಇನ್ನೊಂದು ಮನೆಯಲ್ಲಿ.

ಇದನ್ನೇ ಕೊಳ್ಳಬೇಕು ಅಂತಿದ್ದರೆ 860 ಈಗ ಹಳೆಯದಾಯಿತು, 2021ರಲ್ಲಿ ಇದರ ಜಾಗಕ್ಕೆ 870 ಇವೋ ಬಂತು. ಯಾವುದೇ ಕೊಂಡರೂ ಬೆಲೆ ನೋಡಿದ ಮೇಲೆ ಕೋಶಕ್ಕೆ ಎಷ್ಟು ಬಿಟ್ ಅಂತಲೂ ನೋಡಿ. ಇದೇ ಕಂಪನಿಯ 1 ಟಿಬಿ ಡ್ರೈವಿನಲ್ಲಿ ಮೂರು ಬಿಟ್ಟಿನ 860 ಇವೋಗೆ 600 ಟಿಬಿ ಭರವಸೆಯಿದ್ದರೆ, ನಾಲ್ಕು ಬಿಟ್ಟಿನ 860 ಕ್ಯೂವಿಒಗೆ ಇದ್ದದ್ದು 360, ವಾರಂಟಿಯೂ ಮೂರೇ ವರ್ಷ. ನಮ್ಮ ಕೆಲಸಕ್ಕೆ ಅದೂ ಸಾಕು, ಆದರೆ ವ್ಯತ್ಯಾಸ ನಾಲ್ಕೈದು ನೂರು ರೂಪಾಯಿ ಇದ್ದರೆ ನಾನು ಮೂರು ಬಿಟ್ಟಿನದ್ದೇ ತಗೋತೀನಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಈ ವರ್ಷ ಇದನ್ನು ಬದಲಿಸುವವನಿದ್ದೇನೆ, ಸವೆದು ಅಲ್ಲ, ಜಾಗ ಸಾಲದೆ. ತೆಗೆದದ್ದು ಮಗಳ ಲ್ಯಾಪ್‌ಟಾಪಿಗೆ ಹೋಗುತ್ತದೆ. ಅವಳಾಗಲೇ ಸಣ್ಣ ಸ್ಕ್ರೂಡ್ರೈವರ್ ಹುಡುಕಿ ಇಟ್ಟುಕೊಂಡಿದ್ದಾಳೆ.