ಸಮ ಅಂದರೆ ಯಾವ ಸಮ? ಎಲಿಕ್ಸಿರ್, ಓಕ್ಯಾಮಲ್, ಹ್ಯಾಸ್ಕೆಲ್ ಹೋಲಿಕೆ

ಊರಿನ ಹಾಲಿನ ಡೇರಿಯ ಲೆಕ್ಕವನ್ನು ಎಲಿಕ್ಸಿರ್, ಓಕ್ಯಾಮಲ್, ಹ್ಯಾಸ್ಕೆಲ್ ಎಂಬ ಮೂರೂ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರೆದು ನೋಡಿದೆ. ಸಿಎಸ್‌ವಿ (ಮೌಲ್ಯಗಳ ನಡುವೆ ಅಲ್ಪವಿರಾಮವಿರುವ ಪಠ್ಯ) ಫೈಲಿನಲ್ಲಿ ಸದಸ್ಯರ ಹೆಸರು, ಕೋಡು, ದಿನಾಂಕ, ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಇರುತ್ತವೆ. ಫ್ಯಾಟು 3.5 ಮುಟ್ಟದ ಸಾಲುಗಳನ್ನು ಬೇರೆ ಮಾಡಬೇಕು, ಸದಸ್ಯರ ಪಟ್ಟಿಯ ಜೊತೆ ತಾಳೆ ನೋಡಬೇಕು. ಮುಕ್ಕಾಲು ಪಾಲು ಹೋಲಿಸುವ ಕೆಲಸವೇ ಆದ್ದರಿಂದ ಮೂರೂ ಭಾಷೆಗಳ ಗುಣ ಬೇಗ ತಿಳಿಯಿತು.

ಎಲಿಕ್ಸಿರ್‌ನಲ್ಲಿ == ಹಾಕಿದರೆ 1 ಮತ್ತು 1.0 ಸಮ, === ಹಾಕಿದರೆ ಬೇರೆ ಬೇರೆ. ಪ್ಯಾಟರ್ನ್ ಮ್ಯಾಚಿಂಗ್‌ನಲ್ಲೂ (ಮೌಲ್ಯವನ್ನು ಒಂದು ನಮೂನೆಗೆ ಹೊಂದಿಸಿ ನೋಡುವುದು) ಮ್ಯಾಪಿನ (ಕೀ-ಮೌಲ್ಯ ಜೋಡಿಗಳ ಗುಂಪು) ಕೀಗಳಲ್ಲೂ === ನಷ್ಟೇ ಬಿಗಿ. ಇದು ಎರಡು ದಿನಕ್ಕೆ ರೂಢಿಯಾಗುತ್ತದೆ. ನಾನು ಎಡವಿದ್ದು >= ಚಿಹ್ನೆಯಲ್ಲಿ. ಎಲಿಕ್ಸಿರ್‌ಗೆ ತಳಹದಿಯಾದ ಎರ್ಲಾಂಗ್ ಭಾಷೆಯಿಂದ ಬಂದ ನಿಯಮದಂತೆ ಇಲ್ಲಿ ಯಾವುದನ್ನು ಯಾವುದರ ಜೊತೆಗಾದರೂ ಹೋಲಿಸಬಹುದು. ಸಂಖ್ಯೆ ಎಲ್ಲಕ್ಕಿಂತ ಚಿಕ್ಕದು, ಅದರ ಮೇಲೆ ಆಟಮ್ (ಹೆಸರೇ ಮೌಲ್ಯವಾಗಿರುವುದು), ಹಾಗೇ ಮೇಲೇರುತ್ತಾ ಟ್ಯೂಪಲ್ (ನಿಗದಿತ ಉದ್ದದ ಗುಂಪು), ಮ್ಯಾಪ್, ಲಿಸ್ಟ್, ತುದಿಯಲ್ಲಿ ಸ್ಟ್ರಿಂಗ್ (ಅಕ್ಷರಗಳ ಸಾಲು). ಫೈಲಿನಿಂದ ಬಂದ ಫ್ಯಾಟು "3.1" ಎಂಬ ಸ್ಟ್ರಿಂಗ್, ಅದನ್ನು ಸಂಖ್ಯೆ ಮಾಡಿಕೊಳ್ಳಲು ಮರೆತಿದ್ದೆ. "3.1" >= 3.5 ಎಂದು ಕೇಳಿದರೆ ಉತ್ತರ ಟ್ರೂ. ಒಂದು ಸಾಲೂ ಬೇರೆಯಾಗಲಿಲ್ಲ, ಒಂದು ಎರರ್ ಕೂಡ ಬರಲಿಲ್ಲ. ಏನೂ ಇಲ್ಲ ಎಂದು ಹೇಳುವ ನಿಲ್ ಸಹ ಆಟಮ್ಮೇ, ಅದೂ 3.5ಕ್ಕಿಂತ ದೊಡ್ಡದು.

ದಿನಾಂಕದ್ದೂ ಇದೇ ಕಥೆ. ಒಂದೇ ವರ್ಷದ ಜನವರಿ 31 ಮತ್ತು ಫೆಬ್ರವರಿ 1ರ ನಡುವೆ > ಹಾಕಿದರೆ ಜನವರಿಯೇ ಮುಂದಿನದು ಎನ್ನುತ್ತದೆ. ದಿನಾಂಕವನ್ನು ಇಡುವ ಡೇಟ್ ಸ್ಟ್ರಕ್ಟಿನ (ಒಂದು ಬಗೆಯ ಮ್ಯಾಪ್) ಕೀಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ (day, month) ನೋಡುವುದರಿಂದ ತಿಂಗಳಿಗಿಂತ ಮೊದಲೇ ದಿನ ಬರುತ್ತದೆ. ಡೇಟ್.ಕಂಪೇರ್ ಬಳಸಬೇಕು. 2024ರಲ್ಲಿ ಬಂದ ಎಲಿಕ್ಸಿರ್ 1.17ರಿಂದ ಕಂಪೈಲರ್ (ಬರೆದದ್ದನ್ನು ಓಡುವ ರೂಪಕ್ಕೆ ತರುವ ಪ್ರೋಗ್ರಾಂ) ಇಂಥದ್ದಕ್ಕೆ ಎಚ್ಚರಿಕೆ ಕೊಡುತ್ತದೆ, ಆದರೆ ಮೌಲ್ಯದ ಟೈಪ್ (ಸಂಖ್ಯೆ, ಸ್ಟ್ರಿಂಗ್ ಮುಂತಾದ ಬಗೆ) ಯಾವುದೆಂದು ಅದಕ್ಕೆ ಗೊತ್ತಾದಾಗ ಮಾತ್ರ. ಕೊನೆಗೆ ಫಂಕ್ಷನ್ನಿನ ಬಾಗಿಲಲ್ಲೇ ದಶಮಾಂಶ ಸಂಖ್ಯೆಯೇ ಎಂದು ನೋಡುವ ಇಸ್_ಫ್ಲೋಟ್ ಗಾರ್ಡ್ ನಿಲ್ಲಿಸಿದೆ. ಈಗ ಸ್ಟ್ರಿಂಗ್ ಬಂದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಓಕ್ಯಾಮಲ್‌ನಲ್ಲಿ 1 = 1.0 ಕಂಪೈಲೇ ಆಗುವುದಿಲ್ಲ, ಹಾಗಾಗಿ ಫ್ಯಾಟಿನ ಆ ತಪ್ಪು ಹುಟ್ಟುವುದೇ ಇಲ್ಲ. ಆದರೆ ಕೈರೂಢಿಯಲ್ಲಿ == ಬರೆದುಬಿಟ್ಟೆ. ಇಲ್ಲಿ ಒಳಗಿರುವುದನ್ನು ಹೋಲಿಸುವ ಚಿಹ್ನೆ =. ಎರಡೂ ಮೆಮೊರಿಯಲ್ಲಿ ಒಂದೇ ವಸ್ತುವೇ ಎಂದು ಕೇಳುವುದು ==. ಪೂರ್ಣಾಂಕಗಳ ಮಟ್ಟಿಗೆ ಎರಡರ ಉತ್ತರವೂ ಒಂದೇ, ಅದಕ್ಕೇ ನನ್ನ ಟೆಸ್ಟ್‌ಗಳೆಲ್ಲ ಪಾಸಾದವು. ಕೋಡು ಸ್ಟ್ರಿಂಗ್ ಆದ ಕೂಡಲೇ ಪಟ್ಟಿಯಲ್ಲಿ ಒಬ್ಬ ಸದಸ್ಯರೂ ಸಿಗಲಿಲ್ಲ. ಎರಡು ಬದಿಯ ಟೈಪೂ ಒಂದೇ ಆದ್ದರಿಂದ ಕಂಪೈಲರ್ ತಡೆಯಲಿಲ್ಲ.

ಹ್ಯಾಸ್ಕೆಲ್‌ನಲ್ಲಿ ಸಮ ಎಂಬುದು ತಾನಾಗಿ ಬರುವುದಿಲ್ಲ, ನಾವೇ ಕೊಡಬೇಕು. ಒಂದು ಟೈಪಿಗೆ ಈಕ್ಯೂ (ಸಮ ಅಂದರೇನೆಂದು ಹೇಳುವ ನಿಯಮ) ಇದ್ದರಷ್ಟೇ == ನಡೆಯುತ್ತದೆ. ಡಿರೈವಿಂಗ್ ಎಂದು ಬರೆದರೆ ಕಂಪೈಲರ್ರೇ ಆ ನಿಯಮ ಮಾಡಿಕೊಟ್ಟು ಎಲ್ಲ ಫೀಲ್ಡುಗಳನ್ನೂ ಹೋಲಿಸುತ್ತದೆ. ಬೇಡವಾದರೆ ಕೋಡನ್ನು ಮಾತ್ರ ನೋಡು ಎಂದು ನಾವೇ ಬರೆಯಬಹುದು. ಎರಡು ಫಂಕ್ಷನ್‌ಗಳನ್ನು = ಹಾಕಿ ಹೋಲಿಸಿದರೆ ಓಕ್ಯಾಮಲ್‌ನಲ್ಲಿ ಸಾಮಾನ್ಯವಾಗಿ ಓಡುವಾಗ ಎಕ್ಸೆಪ್ಷನ್ ಬರುತ್ತದೆ, ಹ್ಯಾಸ್ಕೆಲ್ ಕಂಪೈಲ್ ಹಂತದಲ್ಲೇ ಬೇಡ ಎನ್ನುತ್ತದೆ. ನನ್ನ ಮನಸ್ಸು ಗೆದ್ದದ್ದು ನ್ಯೂಟೈಪ್, ಅಂದರೆ ಇರುವ ಟೈಪಿಗೆ ಹೊಸ ಹೆಸರಿನ ಹೊದಿಕೆ ಹಾಕಿ ಬೇರೆ ಟೈಪ್ ಮಾಡುವುದು. ಫ್ಯಾಟು, ಎಸ್‌ಎನ್‌ಎಫ್ ಎರಡೂ ದಶಮಾಂಶ ಸಂಖ್ಯೆಗಳೇ, ಆದರೆ ಎರಡಕ್ಕೂ ಬೇರೆ ಬೇರೆ ನ್ಯೂಟೈಪ್ ಕೊಟ್ಟ ಮೇಲೆ ಒಂದನ್ನು ಇನ್ನೊಂದರ ಜೊತೆ ಹೋಲಿಸಲು ಬಿಡುವುದಿಲ್ಲ. ಇಂಟ್ (ಪೂರ್ಣಾಂಕ) ಅನ್ನು ಡಬಲ್ (ದಶಮಾಂಶ) ಮಾಡಲು ಪದೇ ಪದೇ ಫ್ರಮ್‌ಇಂಟಿಗ್ರಲ್ ಬರೆಯುವುದು ಬೇಸರವೇ, ಅದನ್ನು ಸಹಿಸಿಕೊಂಡೆ.

ಒಂದು ಕಡೆ ಮಾತ್ರ ಮೂರೂ ಸೋತವು. ಫೈಲಿನಲ್ಲಿ "ಕೊಟ್ರೇಶ್", ಪಟ್ಟಿಯಲ್ಲೂ "ಕೊಟ್ರೇಶ್", ಆದರೂ ಸಮ ಅಲ್ಲ ಎಂಬ ಉತ್ತರ. ಒಂದರಲ್ಲಿ ಕ ಆದಮೇಲೆ ಒತ್ವದ ಒಂದೇ ಸಂಕೇತ, ಇನ್ನೊಂದರಲ್ಲಿ ಎತ್ವ ಮತ್ತು ಊತ್ವದ ಎರಡು ಸಂಕೇತ. ಪರದೆ ಮೇಲೆ ಎರಡೂ ಒಂದೇ ತರ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪ್ರಕಾರ ಇವು ಸಮಾನ, ಆದರೆ == ನೋಡುವುದು ಸಂಕೇತಗಳನ್ನು. ಇದಕ್ಕೆ ಎಲಿಕ್ಸಿರ್ ತನ್ನೊಳಗೇ ಸ್ಟ್ರಿಂಗ್.ಈಕ್ವಿವಲೆಂಟ್? ಇಟ್ಟುಕೊಂಡಿದೆ, ಉಳಿದೆರಡಕ್ಕೆ ಹೊರಗಿನ ಲೈಬ್ರರಿ ಬೇಕು. ಕನ್ನಡ ಹೆಸರುಗಳ ಜೊತೆ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಆದರೂ ಡೇರಿ ಲೆಕ್ಕವನ್ನು ಹ್ಯಾಸ್ಕೆಲ್‌ನಲ್ಲೇ ಉಳಿಸಿಕೊಂಡೆ. ಫೈಲ್ ಓದಿದ ತಕ್ಷಣ ಹೆಸರನ್ನು ನಾರ್ಮಲೈಸ್ ಮಾಡಿ (ಸಮಾನ ಸಂಕೇತಗಳನ್ನು ಒಂದೇ ರೂಪಕ್ಕೆ ತಂದು) ಅದಕ್ಕೂ ಒಂದು ನ್ಯೂಟೈಪ್ ಕೊಟ್ಟಿದ್ದೇನೆ. ನಾರ್ಮಲೈಸ್ ಆಗದ ಹೆಸರನ್ನು ಅದರ ಜೊತೆ ಹೋಲಿಸಲು ಹೋದರೆ ಈಗ ಕಂಪೈಲರ್ರೇ ತಡೆಯುತ್ತದೆ.