ಸಿ ಪ್ಲಾನೋ ಡಿ ಪ್ಲಾನೋ? ನಮ್ಮ ಮನೆಗೆ ಡಿ ಸರಿಹೋಯಿತು

ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ) ಹೊಸದಾಗಿ ಬಂದವರು ಕರೆಂಟ್ ಬಿಲ್ ನೋಡಿ ಗಾಬರಿಯಾಗುತ್ತಾರೆ. ಇಲ್ಲಿನ ಕರೆಂಟ್ ಕಂಪನಿ ಪಿಜಿ ಅಂಡ್ ಇಯ ಪ್ಲಾನ್‌ಗಳಲ್ಲಿ ಯಾವುದು ಒಳ್ಳೇದು ಅಂತ ಕೇಳುತ್ತಾರೆ. ನಾವು ಇ-ಟಿಒಯು-ಸಿ, ಇ-ಟಿಒಯು-ಡಿ (ಟಿಒಯು ಅಂದರೆ ಹೊತ್ತಿಗೊಂದು ದರ) ಎರಡರಲ್ಲೂ ಇದ್ದು ನೋಡಿದ್ದೇವೆ. ಈಗ ಡಿಯಲ್ಲಿದ್ದೇವೆ, ಬಿಡುವ ಯೋಚನೆ ಇಲ್ಲ.

ಸಿಯಲ್ಲಿ ದಿನಾ ಸಂಜೆ 4ರಿಂದ 9ರವರೆಗೆ ದರ ಜಾಸ್ತಿ. ಶನಿವಾರ, ಭಾನುವಾರವೂ ವಿನಾಯಿತಿ ಇಲ್ಲ. ಡಿಯಲ್ಲಿ 5ರಿಂದ 8, ಅದೂ ಕೆಲಸದ ದಿನ ಮಾತ್ರ. ನಮ್ಮದು ಎಲೆಕ್ಟ್ರಿಕ್ ಒಲೆ, ರಾತ್ರಿ ಊಟ ಒಂಬತ್ತಕ್ಕೆ. ಎಂಟಾದ ಮೇಲೆ ಕುಕ್ಕರ್ ಇಟ್ಟರೆ ಸಾಕು. ನೆಂಟರು ಬರುವುದು ವಾರದ ಕೊನೆಗೆ, ಗ್ರೈಂಡರ್, ಓವನ್, ಎಸಿ ಒಟ್ಟಿಗೆ ಓಡುವುದೂ ಆಗಲೇ.

ನನ್ನನ್ನು ನಿಜಕ್ಕೂ ಸತಾಯಿಸಿದ್ದು ನೀರು ಕಾಯಿಸುವ ಟ್ಯಾಂಕಿನ ಟೈಮರ್. ತಿರುಗುವ ಡಯಲ್, ಸುತ್ತ ಸಣ್ಣ ಪಿನ್ನುಗಳು. ಸಿಯಲ್ಲಿದ್ದಾಗ 4ಕ್ಕೆ ಆಫ್, 9ಕ್ಕೆ ಆನ್ ಅಂತ ಇಟ್ಟಿದ್ದೆವು. ನವೆಂಬರಿನಲ್ಲಿ ಅಮೆರಿಕದ ಹೆಚ್ಚಿನ ಕಡೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಈ ಡಯಲ್‌ಗೆ ಅದು ಗೊತ್ತಾಗುವುದಿಲ್ಲ. ನಿಜವಾದ 8 ಗಂಟೆಗೇ ಅದಕ್ಕೆ 9 ಆಗಿರುತ್ತದೆ, ಹೀಟರ್ ಶುರು. ದುಬಾರಿ ದರದ ಕೊನೆಯ ಗಂಟೆ ಪೂರ್ತಿ ನೀರು ಕಾಯುತ್ತದೆ. ಕರೆಂಟ್ ಹೋಗಿ ಬಂದರೂ ಇದೇ ಕಥೆ: ಹೋದಷ್ಟು ಹೊತ್ತು ಡಯಲ್ ಹಿಂದೆ ಬೀಳುತ್ತದೆ.

ಡಿಗೆ ಬಂದ ಮೇಲೂ ಪಿನ್ನುಗಳನ್ನು ಮುಟ್ಟಲಿಲ್ಲ. ದುಬಾರಿ ಹೊತ್ತು 5ರಿಂದ 8 ಆದ್ದರಿಂದ ಆಚೆ ಈಚೆ ಒಂದೊಂದು ಗಂಟೆ ಜಾಗ ಇದೆ. ಡಯಲ್ ಒಂದು ಗಂಟೆ ಮುಂದಿರಲಿ, ಹಿಂದಿರಲಿ, ಹೀಟರ್ ಆಫ್ ಆಗಿಯೇ ಇರುತ್ತದೆ. ಇದೊಂದೇ ಸಾಕು ನನಗೆ.

ಸಂಜೆಗೇ ಯಾಕೆ ಈ ದರ ಅಂದರೆ, ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನ ಸೋಲಾರ್ ಕರೆಂಟ್ ಹೇರಳ. ಸೂರ್ಯ ಇಳಿಯುವ ಹೊತ್ತಿಗೇ ಎಲ್ಲರೂ ಮನೆಗೆ ಬಂದು ಎಸಿ ಹಾಕುತ್ತಾರೆ. ರಾಜ್ಯದ ನಿಯಂತ್ರಣ ಆಯೋಗ 2015ರಲ್ಲೇ ಮನೆಗಳನ್ನು ಹೊತ್ತಿಗೊಂದು ದರಕ್ಕೆ ತರಬೇಕೆಂದು ತೀರ್ಮಾನಿಸಿತು. 2022ರ ಸೆಪ್ಟೆಂಬರ್ 6ರಂದು ಬೇಡಿಕೆ 52,061 ಮೆಗಾವ್ಯಾಟ್ ಮುಟ್ಟಿದಾಗ ಕರೆಂಟ್ ಉಳಿಸಿ ಅಂತ ಜನರ ಫೋನ್‌ಗೆ ತುರ್ತು ಸಂದೇಶ ಹೋಯಿತು. ಬೇಡಿಕೆ ಥಟ್ಟನೆ ಇಳಿಯಿತು. ಆ ವರ್ಷವೇ ಶುರುವಾದ ಪವರ್ ಸೇವರ್ ರಿವಾರ್ಡ್ಸ್ ಎಂಬ ಯೋಜನೆಯಲ್ಲಿ ಉಳಿಸಿದ ಯೂನಿಟ್‌ಗೆ 2 ಡಾಲರ್ ಕೊಡುತ್ತಿದ್ದರು, ಉಳಿಸದಿದ್ದರೆ ದಂಡ ಇರಲಿಲ್ಲ. ಒಳ್ಳೆಯದೇ. ಆದರೆ ಅದು ಸೆಕೆ ಹೆಚ್ಚಾದ ಕೆಲವು ದಿನಗಳ ಮಾತು, ನನ್ನ ಬಿಲ್ ಇಳಿಯಬೇಕಾದದ್ದು ವರ್ಷವಿಡೀ.

ಸಿಗೆ ಒಂದು ಅನುಕೂಲ ಇದೆ. ಬೇಸ್‌ಲೈನ್ (ಮನೆಗೆ ಗೊತ್ತುಮಾಡಿದ ಮೂಲ ಬಳಕೆ) ಮಿತಿಯೊಳಗಿನ ಯೂನಿಟ್‌ಗಳಿಗೆ ರಿಯಾಯಿತಿ ಸಿಗುತ್ತದೆ, ಡಿಯಲ್ಲಿ ಅದಿಲ್ಲ. ಸಣ್ಣ ಅಪಾರ್ಟ್‌ಮೆಂಟ್, ಗ್ಯಾಸ್ ಒಲೆ, ಎಸಿ ಇಲ್ಲ ಅನ್ನುವವರು ಸಿಯಲ್ಲೇ ಇರಿ. 2024ರ ಮೇ ತಿಂಗಳಲ್ಲಿ ಆಯೋಗ ಒಪ್ಪಿದ ಸುಮಾರು 24 ಡಾಲರ್ ಮಾಸಿಕ ಶುಲ್ಕ ಎರಡಕ್ಕೂ ಒಂದೇ, ಹಾಗಾಗಿ ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಎಲೆಕ್ಟ್ರಿಕ್ ಕಾರ್ ಇದ್ದರೆ ಮೊದಲು ಇವಿ2-ಎ ಪ್ಲಾನ್ ನೋಡಿ, ಅದರಲ್ಲಿ ರಾತ್ರಿ 12ರಿಂದ ಮಧ್ಯಾಹ್ನ 3ರವರೆಗೆ ದರ ಕಡಿಮೆ.