ಕೋಟಿಗೆ ಚುಚ್ಕೊಳ್ಳೋ ಕಾಗದದ ಪಾಪ್ಪಿ: ತಗೊಳ್ಳಿ, ಕಥೆನೂ ತಿಳ್ಕೊಳ್ಳಿ

ಇಂಗ್ಲೆಂಡಲ್ಲಿ ಇರೋರಿಗೆ ಗೊತ್ತೇ ಇರುತ್ತೆ, ಅಕ್ಟೋಬರ್ ಕೊನೆಗೆ ಸ್ಟೇಷನ್ನು, ಸೂಪರ್‌ಮಾರ್ಕೆಟ್ ಬಾಗ್ಲಲ್ಲಿ ಡಬ್ಬಿ ಹಿಡ್ಕೊಂಡು ನಿಂತಿರ್ತಾರೆ, ಸೈನಿಕರಿಗೆ ನೆರವಾಗೋ ಸಂಸ್ಥೆ ರಾಯಲ್ ಬ್ರಿಟಿಷ್ ಲೀಜನ್‌ನೋರ ಪಾಪ್ಪಿ, ಅಂದ್ರೆ ಯುದ್ಧದಲ್ಲಿ ಸತ್ತೋರ ನೆನಪಿಗೆ ನವೆಂಬರ್ 11ರ ಸುಮಾರಿಗೆ ಎದೆ ಮೇಲೆ ಹಾಕ್ಕೊಳ್ಳೋ ಕೆಂಪು ಹೂವು. ರೇಟ್ ಅಂತ ಏನಿಲ್ಲ, ಕೈಲಾದಷ್ಟು ಹಾಕಿದ್ರಾಯ್ತು.

2023ರಲ್ಲಿ ಪ್ಲಾಸ್ಟಿಕ್ ಇಲ್ಲದ ಹೊಸ ಡಿಸೈನ್ ಬಂತು. ಮೊದ್ಲು ಹಸಿರು ಪ್ಲಾಸ್ಟಿಕ್ ಕಡ್ಡಿ, ಕಪ್ಪು ಬಟನ್ ಇರ್ತಿತ್ತು, ಈಗ ಪೂರ್ತಿ ಕಾಗದ, ಕಾಫಿ ಕಪ್ ತಯಾರಿಸುವಾಗ ಉಳಿಯೋ ವೇಸ್ಟ್‌ನ ನಾರೂ ಇದಕ್ಕೆ ಸೇರುತ್ತೆ. ಎಲೆ ಮೇಲೆ ಮಡಿಕೆ ಗೆರೆ, ಕಪ್ಪು ಬೊಟ್ಟಿನ ಮೇಲೆ ಉಬ್ಬು ಅಕ್ಷರ, ಕೈಯಲ್ಲಿ ಹಿಡಿದ್ರೆ ತುಂಬಾ ಹಗುರ. ನಂಗೆ ಹಳೇದಕ್ಕಿಂತ ಇದೇ ಇಷ್ಟ.

ಆದ್ರೆ ಸುಮ್ನೆ ಎಲ್ಲರೂ ಹಾಕ್ತಾರೆ ಅಂತ ಹಾಕ್ಬೇಡಿ. 1918ರ ನವೆಂಬರ್ 11ರ ಬೆಳಗಿನ ಜಾವ ಫ್ರಾನ್ಸ್‌ನ ಕೊಂಪಿಯೆನ್ ಕಾಡಲ್ಲಿ ಒಂದು ರೈಲು ಬೋಗಿಯೊಳಗೆ ಮೊದಲ ಮಹಾಯುದ್ಧದ ಕದನವಿರಾಮಕ್ಕೆ ಸಹಿ ಬಿತ್ತು, ಜಾರಿಗೆ ಬಂದಿದ್ದು 11 ಗಂಟೆಗೆ, ಸಹಿ ಆದ್ಮೇಲೂ ಆ ಕೆಲವು ಗಂಟೆಲಿ ಜನ ಸಾಯ್ತಾನೇ ಇದ್ರು, ಅದನ್ನ ನೆನೆದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಪ್ರತಿ ವರ್ಷ ಅದೇ ದಿನ ಅದೇ ಹೊತ್ತಿಗೆ ಪಾಲಿಸೋ ಎರಡು ನಿಮಿಷ ಮೌನದ ಐಡಿಯಾ ಸೌತ್ ಆಫ್ರಿಕಾದಿಂದ ಬಂದಿದ್ದು. ಕೇಪ್ ಟೌನಲ್ಲಿ ಯುದ್ಧದ ಟೈಮಲ್ಲೇ ಮಧ್ಯಾಹ್ನದ ತೋಪು ಹೊಡೆದ ಕೂಡ್ಲೇ ಊರೆಲ್ಲಾ ನಿಂತ್ಬಿಡೋದು, ಯುದ್ಧದಲ್ಲಿ ಮಗನ್ನ ಕಳ್ಕೊಂಡಿದ್ದ ಪರ್ಸಿ ಫಿಟ್ಜ್‌ಪ್ಯಾಟ್ರಿಕ್ ಅದನ್ನ ಲಂಡನ್‌ಗೆ ಸೂಚಿಸಿದ್ರು, 1919ರ ನವೆಂಬರ್ 7ಕ್ಕೆ ರಾಜ ಐದನೇ ಜಾರ್ಜ್ ಎಲ್ಲರೂ ಪಾಲಿಸಿ ಅಂತ ಕೇಳ್ಕೊಂಡ್ರು.

ಹೂವು ಆಮೇಲೆ ಸೇರಿದ್ದು. ಗುಂಡು ಬಿದ್ದು ಕೆದರಿದ, ಬೆಲ್ಜಿಯಂ ಕಡೆಯ ಫ್ಲಾಂಡರ್ಸ್ ಹೊಲಗಳಲ್ಲಿ ಮೊದ್ಲು ಅರಳ್ತಿದ್ದಿದ್ದು ಇದೇ, ನಮ್ಮ ಗಸಗಸೆ ಜಾತಿದು. ಅಮೆರಿಕದ ಮೊಯ್ನಾ ಮೈಕೇಲ್ ಧರಿಸೋಕೆ ಶುರು ಮಾಡಿದ್ರು, ಫ್ರಾನ್ಸ್‌ನ ಆನಾ ಗೆರಾಂ ಬಟ್ಟೆ ಹೂವು ಮಾಡ್ಸಿ ಮಾರಿದ್ರು, 1921ರಲ್ಲಿ ಲೀಜನ್ ಕೈಗೆತ್ಕೊಂಡಿತು. ಮುಂದಿನ ವರ್ಷ ಮೇಜರ್ ಜಾರ್ಜ್ ಹೌಸನ್ ಗಾಯಾಳು ಸೈನಿಕರಿಗೆ ಅಂತಲೇ ಫ್ಯಾಕ್ಟರಿ ತೆಗೆದ್ರು, ಒಂದು ಕೈ ಇಲ್ಲದೋರೂ ಜೋಡಿಸೋ ಥರ ಹೂವಿನ ಡಿಸೈನ್ ಇತ್ತು. ನಾವು ಡಬ್ಬಿಗೆ ಹಾಕೋ ದುಡ್ಡು ಇವತ್ತಿಗೂ ಸೈನಿಕರಿಗೂ ಅವರ ಮನೆಯೋರಿಗೂ ಹೋಗುತ್ತೆ.

ಇದು ಅವರ ಹಬ್ಬ, ನಮಗ್ಯಾಕೆ ಅನ್ನೋ ಕನ್ನಡದೋರು ತುಂಬಾ ಜನ ಸಿಗ್ತಾರೆ. ನಾನು ಒಪ್ಪಲ್ಲ. ಆ ಯುದ್ಧದಲ್ಲಿ 70 ಸಾವಿರಕ್ಕೂ ಜಾಸ್ತಿ ಭಾರತೀಯ ಸೈನಿಕರು ಸತ್ತಿದಾರೆ, ಕದನವಿರಾಮಕ್ಕೆ ಎರಡು ತಿಂಗಳೂ ಇಲ್ಲದಾಗ, ಸೆಪ್ಟೆಂಬರ್ 23ಕ್ಕೆ, ಈಗಿನ ಇಸ್ರೇಲ್‌ನ ಹೈಫಾದಲ್ಲಿ ಜೋಧಪುರದೋರ ಜೊತೆ ಕುದುರೆ ಏರಿ ನುಗ್ಗಿದ್ದು ನಮ್ಮ ಮೈಸೂರು ಲ್ಯಾನ್ಸರ್ಸ್. 2018ರಲ್ಲಿ ನೂರು ವರ್ಷ ಆದಾಗ ಭಾರತೀಯರ ನೆನಪಿಗೆ ಅಂತ ಖಾದಿ ಪಾಪ್ಪಿ ತಂದಿದ್ರು, ಎಲ್ಲಾದ್ರೂ ಕಂಡ್ರೆ ಬಿಡ್ಬೇಡಿ. ಚಿಕ್ಕ ಮಕ್ಕಳಿಗಾದ್ರೆ ಪಿನ್ನಿಂದು ಬೇಡ, ಅಂಟಿಸೋ ಥರದ್ದು ಇದ್ಯಾ ಅಂತ ಕೇಳಿ ತಗೊಳ್ಳಿ.